ಹಳೆ ವ್ಯಾನಿನ ಡೀಸೆಲ್ ಉಳಿಸಿ, ಹಾಲಿನ ಹಣ ಉಳಿಸಿ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಹಾಲಿನ ಕ್ಯಾನ್ ಒಯ್ಯಲು, ಹಿಂಡಿ, ಕಣಿಕೆ ತರಲು ಹಳೆ ವ್ಯಾನ್ ಇಟ್ಟುಕೊಂಡವರು ಇದ್ದೀರಿ. ಹಿಂಡಿಯ ಲೆಕ್ಕ ಇಡುವಂತೆ ಡೀಸೆಲ್ ಲೆಕ್ಕವನ್ನೂ ಇಡಿ.

ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರಿನ ಅಂಕಿ ಬರೆದಿಡಿ. ಮುಂದಿನ ಸಲ ಮತ್ತೆ ಪೂರ್ತಿ ತುಂಬಿಸಿದಾಗ, ಓಡಿದ ಕಿ.ಮೀ.ಯನ್ನು ಆಗ ಹಾಕಿಸಿದ ಲೀಟರಿನಿಂದ ಭಾಗಿಸಿ. ದಿನಕ್ಕೆ 60 ಕಿ.ಮೀ. ಓಡುವ ವ್ಯಾನ್ ಲೀಟರಿಗೆ 12 ಕಿ.ಮೀ. ಕೊಟ್ಟರೆ 5 ಲೀಟರ್ ಬೇಕು. 15 ಕೊಟ್ಟರೆ 4 ಸಾಕು. ತಿಂಗಳಿಗೆ 30 ಲೀಟರ್ ಉಳಿಯಿತು!

ಹೀಗೆ ಮಾಡಿ:

* ಎರೆ ಮಣ್ಣಿನ ಧೂಳು ಏರ್ ಫಿಲ್ಟರಿನಲ್ಲಿ ಬೇಗ ಕಟ್ಟುತ್ತದೆ. ಆಗ ಕಪ್ಪು ಹೊಗೆ ಬರುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ. ಬೇಸಿಗೆಯಲ್ಲಿ ಆಗಾಗ ತೆಗೆಸಿ ನೋಡಿ. ಕಾಗದದ ಫಿಲ್ಟರನ್ನು ನೀರಿನಲ್ಲಿ ತೊಳೆಯಬೇಡಿ.
* ಟೈರಿನ ಗಾಳಿಯನ್ನು ಬೆಳಿಗ್ಗೆ, ವ್ಯಾನ್ ಓಡುವ ಮುನ್ನ ನೋಡಿಸಿ. ಗಾಳಿ ಕಡಿಮೆಯಾದಷ್ಟೂ ಎಂಜಿನ್ ಹೆಚ್ಚು ಎಳೆಯಬೇಕು.
* ಓಡಿ ನಿಂತ ಮೇಲೆ ಒಂದೇ ಗಾಲಿ ಬಹಳ ಬಿಸಿಯಾಗಿದ್ದರೆ ಬ್ರೇಕ್ ಹಿಡಿದಿರಬಹುದು. ಮೆಕ್ಯಾನಿಕ್‌ಗೆ ತೋರಿಸಿ.
* ಸಂಘದ ಮುಂದೆ ಸರದಿ ಇದ್ದರೆ ಎಂಜಿನ್ ಬಂದ್ ಮಾಡಿಸಿ. ಕ್ಯಾನ್‌ಗಳನ್ನು ಮೊದಲೇ ಸಿದ್ಧವಾಗಿಡಿ.
* ಒಂದೇ ಸಮನಾದ ವೇಗದಲ್ಲಿ ಓಡಿಸಲು ಹೇಳಿ. ಆದರೆ ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡುವುದು ಬೇಡ, ಬ್ರೇಕ್ ಕೈಕೊಟ್ಟೀತು.

ಒಂದು ಮಾತು ನೆನಪಿರಲಿ: ಡೀಸೆಲ್ ಉಳಿಸಲೆಂದು ಹಾಲನ್ನು ತಡವಾಗಿ ಕಳಿಸಬೇಡಿ. ನಮ್ಮ ಬಿಸಿಲಿಗೆ ಹಾಲು ಹುಳಿಯಾದರೆ ಉಳಿಸಿದ್ದೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ.