ಡಿಸ್ಕ್ ಇದೆ, ಲಿನಕ್ಸ್‌ಗೆ ಕಾಣುತ್ತಿಲ್ಲ

ಪೆನ್‌ಡ್ರೈವ್ ಚುಚ್ಚಿ ಲಿನಕ್ಸ್ ಇನ್‌ಸ್ಟಾಲ್ ಮಾಡಲು ಕೂತಿದ್ದೀರಿ. ಭಾಷೆ, ಕೀಬೋರ್ಡ್, ವೈಫೈ ಎಲ್ಲ ಸಲೀಸು. ಯಾವ ಡಿಸ್ಕ್‌ಗೆ ಹಾಕಲಿ ಎಂದು ಕೇಳುವ ಪರದೆಯಲ್ಲಿ ಮಾತ್ರ ಪೆನ್‌ಡ್ರೈವ್ ಬಿಟ್ಟು ಬೇರೇನೂ ಇಲ್ಲ. ಈಗಷ್ಟೇ ವಿಂಡೋಸ್ ಓಡಿಸುತ್ತಿದ್ದ ಎಸ್‌ಎಸ್‌ಡಿ ಮಾಯ! ಡಿಸ್ಕ್ ಕೆಟ್ಟಿತೆಂದು ರಿಪೇರಿ ಅಂಗಡಿಗೆ ಓಡಬೇಡಿ. ಡಿಸ್ಕ್‌ಗೂ ಸಿಪಿಯುಗೂ ನಡುವೆ ಕಂಟ್ರೋಲರ್ ಎಂಬುದೊಂದಿದೆ. ಅನುಮಾನ ಮೊದಲು ಅದರ ಮೇಲಿರಲಿ.

1991ರ ಆಗಸ್ಟ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್, ಮುಂದೆ ಲಿನಕ್ಸ್ ಎನಿಸಿದ ತಮ್ಮ ಹೊಸ ಸಿಸ್ಟಮ್‌ನ ಸುದ್ದಿ ತಿಳಿಸಿದಾಗ, ಎಟಿ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆಯದು ಇದರಲ್ಲಿ ಪ್ರಾಯಶಃ ಎಂದೂ ನಡೆಯಲಿಕ್ಕಿಲ್ಲ, ತಮ್ಮ ಹತ್ತಿರ ಇರುವುದು ಅದೊಂದೇ ಎಂದಿದ್ದರು. ಆಮೇಲೆ ಕಂಟ್ರೋಲರ್‌ಗಳು ಬಗೆಬಗೆಯಾಗಿ ಬಂದವು, ಒಂದೊಂದಕ್ಕೂ ಬೇರೆ ಡ್ರೈವರ್ ಬರೆಯಬೇಕಾಯಿತು. 2004ರಲ್ಲಿ ಸಾಟಾ ಡಿಸ್ಕ್‌ಗಳಿಗೆ ಎಎಚ್‌ಸಿಐ ಎಂಬ ಸಮಾನ ನಿಯಮ ಬಂದಾಗ ಈ ಕಾಟ ಬಹುಪಾಲು ತಗ್ಗಿತು. ಆದರೆ ಎಎಚ್‌ಸಿಐನ ಸರದಿಯಲ್ಲಿ ನಿಲ್ಲುವುದು 32 ಆದೇಶಗಳಷ್ಟೇ. ತಿರುಗುವ ತಟ್ಟೆಗೆ ಅದು ಧಾರಾಳ, ಫ್ಲ್ಯಾಶ್‌ಗೆ ಸಾಲದು. ಹಾಗಾಗಿ 2011ರಲ್ಲಿ ಎನ್‌ವಿಎಂಇ ಎಂಬ ಹೊಸ ನಿಯಮ ಬಂತು. ಇದರಲ್ಲಿ ಸರದಿಗಳೇ ಸುಮಾರು 64 ಸಾವಿರದವರೆಗೆ ಇರಬಹುದು.

ಇಷ್ಟಾದ ಮೇಲೆ ತೊಡಕೇಕೆ? ಹಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ, ಒಂದೇ ಡಿಸ್ಕ್ ಇದ್ದರೂ, ಹಲವು ಡಿಸ್ಕ್ ಒಂದಾಗಿಸುವ ‘ರೇಡ್’ ಅಥವಾ ‘ಇಂಟೆಲ್ ಆರ್‌ಎಸ್‌ಟಿ’ ಆಯ್ಕೆ ಹಾಕಿಯೇ ಮಾರುತ್ತಾರೆ. ಕಂಪ್ಯೂಟರಿನೊಳಗಿನ ಸಾಧನಗಳೆಲ್ಲ ಪಿಸಿಐ ಬಸ್ಸಿನಲ್ಲಿ ತಮ್ಮ ಗುರುತು ಹೇಳಿಕೊಳ್ಳುತ್ತವೆ. ಲಿನಕ್ಸ್ ಆ ಹಾಜರಿ ನೋಡಿಯೇ ಡ್ರೈವರ್ ಜೋಡಿಸುವುದು. ಆರ್‌ಎಸ್‌ಟಿ ಚಾಲೂ ಇದ್ದಾಗ ಚಿಪ್‌ಸೆಟ್ ಎನ್‌ವಿಎಂಇ ಡಿಸ್ಕ್ ಅನ್ನು ಈ ಹಾಜರಿಯಿಂದ ಕಿತ್ತು, ಸಾಟಾ ಕಂಟ್ರೋಲರ್‌ನ ಬೆನ್ನ ಹಿಂದೆ ಬಚ್ಚಿಡುತ್ತದೆ. ಇದಕ್ಕೆ ಸುತ್ತುದಾರಿ ಹುಡುಕಿದ ಪ್ಯಾಚ್‌ಗಳು ಮುಖ್ಯ ಕರ್ನಲ್‌ಗೆ ಸೇರಲಿಲ್ಲ. ಸೇರದಿದ್ದದ್ದೇ ಸರಿ ಅನ್ನಿಸುತ್ತದೆ ನನಗೆ, ಇಂಥ ಕಣ್ಣಾಮುಚ್ಚಾಲೆಗೆ ಮಣೆ ಹಾಕಬಾರದು. ಕರ್ನಲ್ ಸುಮ್ಮನೇನೂ ಕೂರುವುದಿಲ್ಲ. ಟರ್ಮಿನಲ್‌ನಲ್ಲಿ ‘ಡಿಮೆಸೇಜ್’ (dmesg) ಆದೇಶ ಕೊಟ್ಟು ನೋಡಿ: ಬಚ್ಚಿಟ್ಟ ಎನ್‌ವಿಎಂಇ ಸಿಕ್ಕಿದೆ, ಬಯೋಸ್‌ನಲ್ಲಿ ರೇಡ್ ತೆಗೆದು ಎಎಚ್‌ಸಿಐ ಮಾಡಿ ಎಂದು ಅದೇ ಹೇಳಿರುತ್ತದೆ.

2020ರಲ್ಲಿ ಬಂದ ಹನ್ನೊಂದನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್‌ಗಳಿಂದ ಈಚೆಗೆ ಡಿಸ್ಕ್ ಬಚ್ಚಿಡುವ ಈ ಕೆಲಸ ಇಂಟೆಲ್‌ನದೇ ವಿಎಂಡಿ ಎಂಬ ವ್ಯವಸ್ಥೆಯದು. ತಮಾಷೆಯೆಂದರೆ ಇದಕ್ಕೆ ಲಿನಕ್ಸ್‌ನಲ್ಲಿ 2016ರಿಂದಲೇ ಡ್ರೈವರ್ ಇದೆ. ಇಲ್ಲಿ ಡಿಸ್ಕ್ ಕಾಣದೆ ತಡವರಿಸುವುದು ವಿಂಡೋಸ್ 10ರ ಇನ್‌ಸ್ಟಾಲರ್! ವಿಎಂಡಿ ಆಫ್ ಮಾಡುವ ಆಯ್ಕೆಯೇ ಕೆಲವು ಏಸರ್ ಯಂತ್ರಗಳಲ್ಲಿ ಕಾಣದು. ಬಯೋಸ್‌ನ ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದರೆ ಪ್ರತ್ಯಕ್ಷ.

ಹಳೆಯ ವಿಂಡೋಸ್ ಉಳಿಯಬೇಕಿದ್ದರೆ ಮಾತ್ರ ಅವಸರ ಬೇಡ. ಎಎಚ್‌ಸಿಐಗೆ ಬದಲಿಸಿದೊಡನೆ ಅದು ನೀಲಿ ಪರದೆ ತೋರಿಸಿ ನಿಂತೀತು. ಕಾರಣ, ವಿಂಡೋಸ್ ತನಗೆ ಬೇಡದ ಡಿಸ್ಕ್ ಡ್ರೈವರ್‌ಗಳನ್ನು ಬೂಟ್ ಆಗುವಾಗ ಎಬ್ಬಿಸುವುದಿಲ್ಲ. ಮೊದಲು, ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್‌ನ ರಿಕವರಿ ಕೀ ಬರೆದಿಟ್ಟುಕೊಳ್ಳಿ. ‘ಎಂಎಸ್‌ಕಾನ್ಫಿಗ್’ನಲ್ಲಿ ಸೇಫ್ ಬೂಟ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ, ವಿಂಡೋಸ್ ಏಳುವ ಮುನ್ನ ಬಯೋಸ್‌ಗೆ ಹೋಗಿ ಎಎಚ್‌ಸಿಐ ಆರಿಸಿ. ಸೇಫ್ ಮೋಡ್‌ನಲ್ಲಿ ವಿಂಡೋಸ್ ಹೊಸ ಡ್ರೈವರ್ ಎತ್ತಿಕೊಂಡ ಮೇಲೆ ಟಿಕ್ ತೆಗೆದರಾಯಿತು. ಎರಡು ಡಿಸ್ಕ್ ಸೇರಿಸಿ ನಿಜಕ್ಕೂ ರೇಡ್ ಕಟ್ಟಿದ್ದರೆ ಇದರ ತಂಟೆಗೇ ಹೋಗಬೇಡಿ.

ಲಿನಕ್ಸ್‌ಗೂ ಇದೇ ಪೇಚಾಟವಿದೆ. ಡಿಸ್ಕ್ ಓದಲು ಬೇಕಾದ ಡ್ರೈವರ್ ಡಿಸ್ಕ್‌ನಲ್ಲೇ ಇದ್ದರೆ, ಪೆಟ್ಟಿಗೆಯ ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದಂತೆ. ಅದಕ್ಕೆಂದೇ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ಕಟ್ಟನ್ನು ಬೂಟ್‌ಲೋಡರ್ ಮೊದಲೇ ಮೆಮೊರಿಗೆ ತಂದಿಡುತ್ತದೆ. ಡ್ರೈವರ್ ಕರ್ನಲ್‌ನಲ್ಲೂ ಇಲ್ಲದೆ, ಆ ಕಟ್ಟಿನಲ್ಲೂ ಇಲ್ಲದೆ ಹೋದರೆ ರೂಟ್ ಫೈಲ್‌ಸಿಸ್ಟಮ್ ಸಿಗಲಿಲ್ಲವೆಂದು ಕರ್ನಲ್ ಪ್ಯಾನಿಕ್ ಆಗುತ್ತದೆ. ಆಗ ಪರದೆಯಲ್ಲಿ ಮೂಡುವ ಪ್ಯಾನಿಕ್ ಸಾಲಿನ ಕೊನೆಯ ಆವರಣದಲ್ಲಿರುವ ಎರಡು ಅಂಕಿ ನೋಡಿ. 0,0 ಎಂದಿದ್ದರೆ ಸಾಮಾನ್ಯವಾಗಿ ಕರ್ನಲ್‌ಗೆ ಡಿಸ್ಕ್ ಕಂಡೇ ಇಲ್ಲ, ಕಂಟ್ರೋಲರ್ ಕಡೆ ಹುಡುಕಿ. 8,1 ಎಂದಿದ್ದರೆ ಡಿಸ್ಕ್ ಕಂಡಿದೆ, ಅದರ ಫೈಲ್‌ಸಿಸ್ಟಮ್ ಓದಲಾಗಿಲ್ಲ.