ಗ್ರಾಮೀಣ ಯುವಜನರ ದಂತ ಆರೋಗ್ಯ: ರೂಢಿಗಳು, ನಂಬಿಕೆಗಳು ಮತ್ತು ಲಭ್ಯವಿರುವ ಸೇವೆಗಳು

ವ್ಯಾಸಂಗ ಹಾಗೂ ಉದ್ಯೋಗದ ನಿಮಿತ್ತ ಗ್ರಾಮಾಂತರ ಪ್ರದೇಶಗಳಿಂದ ಬಂದು ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳಲ್ಲಿ ನೆಲೆಸುವ ಯುವಜನರು ತಮ್ಮ ಊರಿನ ರೂಢಿಗಳನ್ನೂ ಜೊತೆಯಲ್ಲಿ ತರುವುದು ಸಹಜ. ಇವುಗಳಲ್ಲಿ ಉಳಿಸಿಕೊಳ್ಳಬಹುದಾದವು ಹಾಗೂ ಕೈಬಿಡಬೇಕಾದವುಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ.

1. ಹಲ್ಲುಜ್ಜುವ ಕ್ರಮ
ಬೇವಿನ ಕಡ್ಡಿಯ ತುದಿಯನ್ನು ಅಗಿದು ಕುಂಚದಂತೆ ಮಾಡಿಕೊಂಡು ಮೃದುವಾಗಿ ಉಜ್ಜುವುದು ತಪ್ಪಲ್ಲ. ಆದರೆ ಅದರಿಂದ ಫ್ಲೋರೈಡ್ ಟೂತ್‌ಪೇಸ್ಟ್ ನೀಡುವ ರಕ್ಷಣೆ ದೊರೆಯುವುದಿಲ್ಲ. ಇದ್ದಿಲು, ಬೂದಿ ಮತ್ತು ಇಟ್ಟಿಗೆ ಪುಡಿಗಳು ಹಲ್ಲಿನ ಎನಾಮೆಲ್ ಪದರವನ್ನು ಸವೆಸುತ್ತವೆ. ಸವೆದ ಪದರ ಮತ್ತೆ ಬೆಳೆಯುವುದಿಲ್ಲ. ನಮ್ಮಲ್ಲಿ ಹಲ್ಲುಜ್ಜುವುದು ಮುಂಜಾನೆಯ ಶುದ್ಧಿಯ ಭಾಗವಾಗಿರುವುದರಿಂದ ರಾತ್ರಿ ಉಜ್ಜುವ ಅಭ್ಯಾಸ ವಿರಳ. ನಿದ್ರೆಯಲ್ಲಿ ಜೊಲ್ಲು ಕಡಿಮೆಯಾಗುವ ಕಾರಣ ರಾತ್ರಿ ಉಜ್ಜುವುದು ಹೆಚ್ಚು ಅಗತ್ಯ.

2. ಕಂದು ಕಲೆಗಳು
ಪಾವಗಡ, ಬಾಗೇಪಲ್ಲಿ ಮುಂತಾದ ತಾಲ್ಲೂಕುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕ. ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಬಾಲ್ಯದಲ್ಲಿ ಹಲ್ಲು ರೂಪುಗೊಳ್ಳುವಾಗ ಇಂತಹ ನೀರು ಕುಡಿದವರ ಹಲ್ಲಿನಲ್ಲಿ ಕಂದು ಕಲೆಗಳು ಉಳಿಯುತ್ತವೆ. ಇದು ಅಶುಚಿತ್ವದ ಗುರುತಲ್ಲ, ನಾಚಿಕೆ ಪಡಬೇಕಾಗಿಲ್ಲ. ಎಷ್ಟು ಉಜ್ಜಿದರೂ ಈ ಕಲೆ ಹೋಗದು. ಆದರೆ ದಂತವೈದ್ಯರಲ್ಲಿ ಚಿಕಿತ್ಸೆಯುಂಟು. ವಯಸ್ಕರು ಫ್ಲೋರೈಡ್ ಟೂತ್‌ಪೇಸ್ಟ್ ಬಳಸಿದರೆ ಕಲೆ ಹೆಚ್ಚುವುದಿಲ್ಲ.

3. ಎಲೆ ಅಡಿಕೆ ಮತ್ತು ತಂಬಾಕು
ಶುಭಕಾರ್ಯಗಳಲ್ಲಿ ತಾಂಬೂಲ ನೀಡುವುದು ಗೌರವದ ಸಂಕೇತ. ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಆದರೆ ನಿತ್ಯ ಅಡಿಕೆ ಅಗಿಯುವುದು ಬೇರೆ ವಿಷಯ. ತಂಬಾಕು ಬೆರೆಸದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ವರ್ಗೀಕರಿಸಿದೆ. ಖಾರ ತಿಂದಾಗ ಅತಿಯಾದ ಉರಿ, ಬಾಯಿ ಪೂರ್ಣವಾಗಿ ತೆರೆಯಲಾಗದಿರುವುದು, ಎರಡು ವಾರವಾದರೂ ಮಾಯದ ಹುಣ್ಣು ಅಥವಾ ಬಿಳಿ ಮಚ್ಚೆ ಕಂಡುಬಂದಲ್ಲಿ ತಡಮಾಡದೆ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

4. ತಪ್ಪು ನಂಬಿಕೆಗಳು
ಮೇಲಿನ ಹಲ್ಲು ಕೀಳಿಸಿದರೆ ದೃಷ್ಟಿ ಹೋಗುತ್ತದೆ ಎಂಬುದು ನಿಜವಲ್ಲ. ಕಿಟ್ಟ ತೆಗೆಸಿದರೆ ಹಲ್ಲು ಸಡಿಲವಾಗುತ್ತದೆ ಎಂಬುದೂ ಸರಿಯಲ್ಲ; ಹಲ್ಲನ್ನು ಸಡಿಲಗೊಳಿಸುವುದು ಒಸಡಿನ ರೋಗ. ಲವಂಗ ನೋವನ್ನು ತಾತ್ಕಾಲಿಕವಾಗಿ ತಗ್ಗಿಸುವುದೇ ಹೊರತು ಹುಳುಕನ್ನು ಗುಣಪಡಿಸುವುದಿಲ್ಲ.

5. ಸೇವೆ ಪಡೆಯುವ ಬಗೆ
ಜಯನಗರ ಸಾರ್ವಜನಿಕ ಆಸ್ಪತ್ರೆಯ ದಂತ ವಿಭಾಗದಲ್ಲಿ ಅಥವಾ ವಿಕ್ಟೋರಿಯಾ ಆಸ್ಪತ್ರೆಯ ಬಳಿ ಇರುವ ಸರ್ಕಾರಿ ದಂತ ವೈದ್ಯಕೀಯ ಮಹಾವಿದ್ಯಾಲಯದಲ್ಲಿ ಹೊರರೋಗಿ ಚೀಟಿ ಪಡೆದು ಪರೀಕ್ಷೆ ಮಾಡಿಸಿಕೊಳ್ಳಬಹುದು. ಆಧಾರ್ ಹಾಗೂ ಪಡಿತರ ಚೀಟಿ ಇದ್ದಲ್ಲಿ ಜೊತೆಯಲ್ಲಿ ತರುವುದು ಅನುಕೂಲ. ತಂಬಾಕು ತ್ಯಜಿಸಲು ಇಚ್ಛಿಸುವವರು 1800-11-2356 ಉಚಿತ ದೂರವಾಣಿಗೆ ಕರೆ ಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದಾಗಿದೆ.

ನೋವು ಕಾಣಿಸುವವರೆಗೆ ಕಾಯದೆ ವರ್ಷಕ್ಕೊಮ್ಮೆಯಾದರೂ ದಂತ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಹಾಗೂ ಈ ಮಾಹಿತಿಯನ್ನು ಊರಿನಲ್ಲಿರುವ ತಮ್ಮ ಕುಟುಂಬದವರಿಗೂ ತಿಳಿಸಬೇಕೆಂದು ಕೋರಲಾಗಿದೆ.