ಒಡಕು ಶಾರೀರದ ಗಾಯಕ

ಶಾರೀರ ಒಡಕು, ಆಳು ಕುಳ್ಳ, ಇವನೆಂಥ ಗಾಯಕ? ಪ್ಯಾರಿಸ್ಸಿನ ವಿಮರ್ಶಕರು ಶಾರ್ಲ್ ಅಜ್ನವೂರ್‌ನನ್ನು ಬಹುಕಾಲ ಹೀಗೆಯೇ ಹಳಿದರು. ಕಂಠಮಾಧುರ್ಯವೇ ಗಾನದ ಸರ್ವಸ್ವವೆಂದು ಬಗೆಯುವವರು ನಮ್ಮಲ್ಲಿಯೂ ಕಡಮೆಯಿಲ್ಲ.

ಆತ 1924ರ ಮೇ 22ರಂದು ಪ್ಯಾರಿಸ್ಸಿನಲ್ಲಿ ಜನಿಸಿದ. ತಂದೆತಾಯಿ ಆರ್ಮೇನಿಯನ್ನರು, ಹಾಡು ನಾಟಕಗಳನ್ನು ಬಲ್ಲವರು. ಆಟೊಮನ್ ಸಾಮ್ರಾಜ್ಯದಲ್ಲಿ 1915ರಲ್ಲಿ ಆರಂಭವಾದ ನರಮೇಧಕ್ಕೆ ತಾಯಿಯ ಬಂಧುಬಳಗ ಬಲಿಯಾಗಿತ್ತು. ಅಮೆರಿಕಕ್ಕೆಂದು ಹೊರಟ ದಂಪತಿಗಳು ಪರವಾನಗಿ ದೊರೆಯದೆ ಪ್ಯಾರಿಸ್ಸಿನಲ್ಲಿಯೇ ನಿಂತರು. ತಂದೆ ತೆರೆದ ಭೋಜನಗೃಹದಲ್ಲಿ ಸಂಗೀತಕ್ಕೆ ಕೊರತೆಯಿರಲಿಲ್ಲ, ಹಣಕ್ಕಿತ್ತು. ಎರಡನೆಯ ಮಹಾಯುದ್ಧದಲ್ಲಿ ನಗರವು ಜರ್ಮನರ ವಶವಾದಾಗ ಈ ಬಡ ಸಂಸಾರ ಯಹೂದ್ಯರಿಗೂ, ಮಿಸಾಕ್ ಮನೂಷಿಯಾನ್‌ನಂತಹ ಗುಪ್ತ ಹೋರಾಟಗಾರರಿಗೂ ಮನೆಯಲ್ಲಿ ಆಶ್ರಯವಿತ್ತಿತು. ಸಿಕ್ಕಿಬಿದ್ದಿದ್ದರೆ ಮರಣವೇ ಗತಿ.

ಹುಟ್ಟುಹೆಸರು ಅಜ್ನವೂರಿಯಾನ್. ಕೊನೆಯ ‘ಯಾನ್’ ಆರ್ಮೇನಿಯನ್ ಮನೆತನದ ಗುರುತು. ರಂಗಕ್ಕಾಗಿ ಆತ ಅದನ್ನು ಕತ್ತರಿಸಿದ, ಶಾರೀರವನ್ನು ಬದಲಿಸುವಂತಿರಲಿಲ್ಲ.

1946ರಲ್ಲಿ ಹೆಸರಾಂತ ಗಾಯಕಿ ಎಡಿತ್ ಪಿಯಾಫ್ ಆತನನ್ನು ಗುರುತಿಸಿದಳು. ಕೆಲವು ವರ್ಷ ಆಕೆಯ ಮನೆಯಲ್ಲಿದ್ದು ಕಾರು ನಡೆಸಿದ, ರಂಗದೀಪಗಳನ್ನು ನೋಡಿಕೊಂಡ, ಹಾಡು ಬರೆದ. ಆಕೆ ಬೇಡವೆಂದ ಹಾಡೊಂದನ್ನು ಜೂಲಿಯೆತ್ ಗ್ರೆಕೊ ಹಾಡಿದಳು. 1951ರಲ್ಲಿ ಅದಕ್ಕೆ ಬಹುಮಾನವೂ ಬಂದಿತು. ಬರೆದವನು ಮಾತ್ರ ತೆರೆಯ ಮರೆಯಲ್ಲಿಯೇ ಉಳಿದ.

1960ರ ಡಿಸೆಂಬರ್, ಪ್ಯಾರಿಸ್ಸಿನ ಅಲ್ಹಾಂಬ್ರ ರಂಗಮಂದಿರ. ಆ ರಾತ್ರಿ ಆತ ಹಾಡಿದ್ದು ಕೀರ್ತಿಯ ಕನಸು ಕಂಡು ಸೋತ ನಟನೊಬ್ಬನ ಹಾಡು. ಖ್ಯಾತ ಗಾಯಕ ಈವ್ ಮೊಂತಾನ್ ಅದನ್ನು ನಿರಾಕರಿಸಿದ್ದ. ಅಜ್ನವೂರ್ ಸಭಿಕರಿಗೆ ಬೆನ್ನು ತಿರುಗಿಸಿ ನಿಂತ. ದೀಪಗಳ ಪ್ರಖರ ಬೆಳಕು ಸಭೆಯ ಕಣ್ಣಿಗೆ ಹೊಡೆಯಿತು. ಸೋತವನಿಗೆ ಸಭೆ ಹೇಗೆ ಕಾಣುವುದೆಂಬುದನ್ನು ಸಭೆಗೇ ತೋರಿಸಿದ ಹಾಗೆ! ಹಾಡು ಮುಗಿದಾಗ ಮೊದಲು ಮೌನ. ಬಳಿಕ ಕಿವಿಗಡಚಿಕ್ಕುವ ಕರತಾಡನ. ಅಂದು ಆತನ ವಯಸ್ಸು 36. ಒಡಕೆನಿಸಿದ್ದ ಅದೇ ದನಿ ಸೋತವರ, ಮುಪ್ಪಡರಿದ ಪ್ರಣಯಿಗಳ ದನಿಯಾಗಿ ಜಗತ್ತನ್ನು ಸುತ್ತಿತು.

ಕತ್ತರಿಸಿದ ಹೆಸರಿನ ಋಣ ಉಳಿದಿತ್ತು. ನರಮೇಧದಲ್ಲಿ ಮಡಿದವರನ್ನು ಕುರಿತು 1975ರಲ್ಲಿ ಹಾಡು ಬರೆದ. 1988ರ ಡಿಸೆಂಬರ್ 7ರಂದು ಭೂಕಂಪ ಆರ್ಮೇನಿಯದಲ್ಲಿ ಸುಮಾರು 25,000 ಜನರನ್ನು ಬಲಿತೆಗೆದುಕೊಂಡಾಗ, ಎಂಬತ್ತಕ್ಕೂ ಹೆಚ್ಚು ಕಲಾವಿದರನ್ನು ಕೂಡಿಸಿ ಹಾಡಿಸಿ ನಿಧಿ ಸಂಗ್ರಹಿಸಿದ. 2009ರಲ್ಲಿ ಸ್ವಿಟ್ಸರ್ಲೆಂಡಿಗೆ ಆರ್ಮೇನಿಯದ ರಾಯಭಾರಿಯಾದ. ಹಾಡುವುದನ್ನು ಮಾತ್ರ ಬಿಡಲಿಲ್ಲ. 2018ರ ಸೆಪ್ಟೆಂಬರಿನಲ್ಲಿ, 94ನೆಯ ವಯಸ್ಸಿನಲ್ಲಿ, ಜಪಾನಿನಲ್ಲಿ ಹಾಡಿದ್ದೇ ಕೊನೆಯಾಯಿತು. ಅಕ್ಟೋಬರ್ 1ರಂದು ಕಣ್ಮುಚ್ಚಿದ. ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಎನ್ವಲೀದ್ ಪ್ರಾಂಗಣದಲ್ಲಿ ಫ್ರೆಂಚ್ ಧ್ವಜ ಹೊದಿಸಿದ ಶವಪೆಟ್ಟಿಗೆಯನ್ನು ಸಿಪಾಯಿಗಳು ಹೊತ್ತು ತಂದರು. ಆಗ ನುಡಿಸಿದ್ದು ಆರ್ಮೇನಿಯದ ದುದುಕ್ ಎಂಬ ಊದುವ ವಾದ್ಯ.